ನಮ್ಮ ಗೋಡೆಯ ಮೇಲೆ ಜಡೆಪ್ಪನವರ ನಾಲ್ಕು ಚುನಾವಣೆ

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ಗುಟ್ಕಾದ ಚಟ. ನನಗೆ ‘ಹ್ಞೂಂ’ ಅನ್ನುವ ಚಟ. ಯಾರು ಏನು ಕೇಳಿದರೂ ನನ್ನ ತಲೆ ನನ್ನನ್ನು ಒಂದು ಮಾತು ಕೇಳದೆ ಅಲ್ಲಾಡಿಬಿಡುತ್ತದೆ. ಹೊಸಪೇಟೆಯ ಹೈಸ್ಕೂಲೊಂದರಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಆದರೆ ಮಕ್ಕಳಿಗೆ ಚಿತ್ರ ಕಲಿಸಿದ್ದಕ್ಕಿಂತ ಹೆಚ್ಚು ದಿನ ಗಣಿತದವರು ರಜೆ ಹಾಕಿದಾಗ ಗಣಿತದ ಪಿರಿಯಡ್ಡು ಕಾದಿದ್ದೇನೆ, ಪಿ.ಟಿ. ಮಾಸ್ತರರು ಬೀಗರ ಮನೆಗೆ ಹೋದಾಗ ಸೀಟಿ ಊದಿದ್ದೇನೆ, ಹೆಡ್ಮಾಸ್ತರರ ಮಗಳ ಸೀಮಂತಕ್ಕೆ ಕುರ್ಚಿಯ ಹಿಂದೆ ಥರ್ಮಾಕೋಲಿನ ನವಿಲು ಕೊರೆದಿದ್ದೇನೆ. ಇದರಿಂದ ನನಗೆ ‘ಭಾಳ ಒಳ್ಳೆ ಮನುಷ್ಯಾ’ ಎಂಬ ಹೆಸರು ಬಂದಿದೆ. ನನ್ನ ಹೆಂಡತಿ ಗಿರಿಜೆ ಮಾತ್ರ ಅದನ್ನು ಬೇರೆ ಹೆಸರಿನಿಂದ ಕರೆಯುತ್ತಾಳೆ. ಅದನ್ನು ಇಲ್ಲಿ ಬರೆಯುವಂತಿಲ್ಲ.

ಈ ಚಟ ನನಗೊಬ್ಬನಿಗೇ ಹಾನಿ ಮಾಡಿದ್ದರೆ ಹೋಗಲಿ ಅನ್ನಬಹುದಿತ್ತು. ಅದು ನಮ್ಮ ಗೋಡೆಗೆ ಮಾಡಿತು. ನಮ್ಮ ಮನೆ ಇರುವುದು ಸಂಡೂರಿನ ರಸ್ತೆ ಊರಿನೊಳಗೆ ತಿರುಗುವ ಮೂಲೆಯಲ್ಲಿ. ಎದುರಿಗೇ ಹಂಪ್ಸು. ಗುಡ್ಡದಿಂದ ಅದಿರು ಹೇರಿಕೊಂಡು ಬರುವ ಪ್ರತಿಯೊಂದು ಲಾರಿಯೂ ನಮ್ಮ ಮನೆಯ ಮುಂದೆ ನಿಂತು, ಉಸಿರು ಬಿಟ್ಟು, ಒಂದು ಹಿಡಿ ಕೆಂಪು ಧೂಳು ನಮ್ಮ ಕಡೆ ಎಸೆದೇ ಮುಂದೆ ಹೋಗಬೇಕು. ಆ ಮೂಲೆಯಲ್ಲಿ ಉದ್ದಕ್ಕೆ ಸೈಜುಗಲ್ಲಿನ ಕಾಂಪೌಂಡು ಗೋಡೆ. ರಸ್ತೆಯ ಕಡೆ ಗಿಲಾವು ಮಾಡಿ ನುಣ್ಣಗೆ ಸುಣ್ಣ ಬಳಿದಿತ್ತು. ಜಾಗ ತೆಗೆದುಕೊಳ್ಳುವಾಗ ನನ್ನ ಅತ್ತೆ ಗೌರಮ್ಮನವರು ತಮ್ಮ ಬಂಗಾರದ ನಾಲ್ಕೆಳೆ ಅವಲಕ್ಕಿ ಸರ ಬಿಚ್ಚಿ ಕೊಟ್ಟಿದ್ದರು. ದೋಣಿಮಲೈಯ ಕಂಪನಿ ಶಾಲೆಯಲ್ಲಿ ಟೀಚರಾಗಿರುವ ಗಿರಿಜೆ, ದಿನಾ ಸ್ಟಾಫ್ ಬಸ್ಸಿನಲ್ಲಿ ಗುಡ್ಡ ಹತ್ತಿ ಇಳಿದು ಉಳಿದದ್ದನ್ನು ಕಟ್ಟಿಸಿದಳು. ಮನೆ ಅವಳ ಹೆಸರಿನಲ್ಲಿದೆ. ಅವಳು ಕೇಳಿದ್ದು ಒಂದೇ: ಆ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಗೌರಮ್ಮ ನಿಲಯ’ ಎಂದು ಬರೆಯಬೇಕು. ‘ನಮ್ಮವ್ವ ಇರೋತನಕ ಒಮ್ಮೆ ನೋಡ್ಲಿರಿ. ಬರೆಯೋ ಕೈ ಮನಿಯಾಗ ಐತಿ, ಪೇಂಟರ್ರನ್ನ ಎಲ್ಲಿ ಹುಡುಕೂದು?’ ಅಂದಿದ್ದಳು. ನಾನು ಹ್ಞೂಂ ಅಂದೆ. ಪೆನ್ಸಿಲ್ಲಿನಲ್ಲಿ ಗೆರೆ ಹಾಕಿಯೂ ಆಯಿತು.

ಬಣ್ಣ ತುಂಬುವ ದಿನ ಜಡೆಪ್ಪನವರು ಬಂದರು. ಇದು ಅವರ ನಿಜವಾದ ಹೆಸರಲ್ಲ, ನಾನು ಬದಲಿಸಿದ್ದೇನೆ. ಅಷ್ಟು ಸಲ ಪಕ್ಷ ಬದಲಿಸಿದವರಿಗೆ ಒಂದು ಸಲ ಹೆಸರು ಬದಲಾದರೆ ಬೇಸರವಾಗಲಾರದು. ಆಗ ಅವರದು ಒಂದೇ ಲಾರಿ. ಅದನ್ನು ತಾವೇ ಓಡಿಸುತ್ತಿದ್ದರು. ಪಕ್ಷೇತರರಾಗಿ ನಿಂತಿದ್ದರು, ಹೊಲಿಗೆ ಯಂತ್ರದ ಗುರುತು. ‘ಮಾಸ್ತರ್ರ, ಹದಿನೈದೇ ದಿನ ಗ್ವಾಡಿ ಕೊಡ್ರಿ. ನಿಮ್ಮ ಹಂಪ್ಸಿನ್ಯಾಗ ಎಲ್ಲಾರೂ ನಿಲ್ತಾರ, ನಿಂತೋರು ಓದ್ತಾರ’ ಅಂದರು. ಮನೆಯ ಯಜಮಾನರ ಒಪ್ಪಿಗೆ ಪತ್ರ ಬೇಕೆಂದರು. ಯಜಮಾನಿ ಬಸ್ಸಿನಲ್ಲಿದ್ದಳು. ನಾನೇ ಸಹಿ ಹಾಕಿದೆ. ಸಾಲದ್ದಕ್ಕೆ ಅವರ ಪೇಂಟರ್ ಬರೆದ ಹೊಲಿಗೆ ಯಂತ್ರ ಕಪ್ಪೆಯ ಹಾಗೆ ಕಾಣುತ್ತಿದೆ ಎಂದು ನನ್ನೊಳಗಿನ ಕಲಾವಿದ ಕೆರಳಿ, ನೌಕರಿಯ ಪರಿವೆಯಿಲ್ಲದೆ ಕುಂಚ ಕಿತ್ತುಕೊಂಡು ಚಕ್ರವನ್ನು ನಾನೇ ತಿದ್ದಿದೆ. ಸಂಜೆ ಬಸ್ಸಿಳಿದ ಗಿರಿಜೆ ಗೋಡೆ ನೋಡಿದಳು, ನನ್ನನ್ನು ನೋಡಿದಳು, ಚೀಲ ಒಳಗಿಟ್ಟಳು. ಮೂರು ದಿನ ನಮ್ಮ ಮನೆಯಲ್ಲಿ ರೇಡಿಯೋ ಮಾತ್ರ ಮಾತಾಡಿತು. ಜಡೆಪ್ಪನವರು ಸೋತರು, ಆದರೆ ಠೇವಣಿ ಉಳಿಯಿತು. ಹೊಲಿಗೆ ಯಂತ್ರವೂ ಉಳಿಯಿತು. ಗೆದ್ದವರು ಗರ್ವಕ್ಕೆ ಅಳಿಸುವುದಿಲ್ಲ, ಸೋತವರು ನಾಚಿಕೆಗೆ ಈ ಕಡೆ ಬರುವುದಿಲ್ಲ.

ಎರಡನೆಯ ಚುನಾವಣೆಯ ಹೊತ್ತಿಗೆ ಅದಿರಿಗೆ ಚೀನಾದಲ್ಲಿ ಭಾರೀ ಗಿರಾಕಿ ಹುಟ್ಟಿತ್ತು. ಜಡೆಪ್ಪನವರ ಒಂದು ಲಾರಿ ಹೇಗೆ ಮರಿ ಹಾಕಿತೋ, ಎಷ್ಟು ಹಾಕಿತೋ ಅವರಿಗೇ ಗೊತ್ತಿರಲಿಲ್ಲ. ಈಗ ಒಂದು ಪಕ್ಷ ತಾನಾಗಿ ಅವರ ಮನೆಗೆ ಬಂದಿತ್ತು. ಮತ್ತೆ ಗೋಡೆ ಕೇಳಿದರು, ಮತ್ತೆ ನನ್ನ ತಲೆ ಅಲ್ಲಾಡಿತು, ಹೊಲಿಗೆ ಯಂತ್ರದ ಮೇಲೆ ಪಕ್ಷದ ಗುರುತು ಏರಿತು. ಗೆದ್ದೇಬಿಟ್ಟರು! ಕಂಪ್ಲಿಯ ಜೋಯಿಸರೊಬ್ಬರು ಲೆಕ್ಕ ಹಾಕಿ, ಈ ಗೆಲುವು ಹಣದ್ದಲ್ಲ, ಜನರದ್ದೂ ಅಲ್ಲ, ಉತ್ತರಕ್ಕೆ ಮುಖ ಮಾಡಿದ ಆ ಗೋಡೆಯದು ಎಂದು ತೀರ್ಪು ಕೊಟ್ಟರು. ಅಲ್ಲಿಂದ ನಮ್ಮ ಗೋಡೆಗೆ ಯೋಗ ಕೂಡಿಬಂತು. ಶಾಸಕರ ಜೀಪು ಆ ಮೂಲೆಯಲ್ಲಿ ನಿಧಾನ ಮಾಡಿ, ಅವರು ಕೈಮುಗಿದು ಮುಂದೆ ಹೋಗುತ್ತಿದ್ದರು. ವರಾಂಡದಲ್ಲಿ ಕುಳಿತ ನಮ್ಮತ್ತೆ ಮೊದಮೊದಲು ತಮಗೇ ಕೈಮುಗಿಯುತ್ತಾರೆಂದು ತಿಳಿದು ‘ಚಲೋ ಆಗ್ಲಪಾ’ ಎಂದು ಹರಸುತ್ತಿದ್ದರು. ವಿಷಯ ಗೊತ್ತಾದ ಮೇಲೆ, ‘ಕಲ್ಲಿಗೆ ಇರೋ ಮರ್ಯಾದಿ ನನಗಿಲ್ಲ ನೋಡ್ರಿ ಅಳಿಯಂದ್ರ’ ಅಂದರು. ನಗುತ್ತಲೇ ಅಂದರು, ಆದರೂ ನನಗೆ ಚುರುಕ್ ಅಂತು.

ಎರಡು ವರ್ಷ ಕಳೆಯುವುದರೊಳಗೆ ಜಡೆಪ್ಪನವರಿಗೆ ಕ್ಷೇತ್ರದ ಅಭಿವೃದ್ಧಿ ನೆನಪಾಯಿತು. ನಮ್ಮ ಕಡೆ ಈ ನೆನಪು ಬಂದರೆ ಶಾಸಕರು ಮೊದಲು ಮಾಡುವ ಕೆಲಸ ರಾಜೀನಾಮೆ. ಅವರು ಎರಡನೆಯ ಪಕ್ಷಕ್ಕೆ ಹಾರಿದರು, ಉಪಚುನಾವಣೆ ಬಂತು. ಆದರೆ ಈ ನಡುವೆ ದೀಪಾವಳಿ ಬಂದು ಹೋಗಿತ್ತು, ಗಿರಿಜೆ ಗಟ್ಟಿ ಮನಸ್ಸು ಮಾಡಿ ಗೋಡೆಗೆ ಸುಣ್ಣ ಹೊಡೆಸಿಬಿಟ್ಟಿದ್ದಳು. ನಾನು ಎರಡನೆಯ ಸಲ ಪೆನ್ಸಿಲ್ ಗೆರೆ ಹಾಕಿ, ‘ಗೌ’ ಅಕ್ಷರಕ್ಕೆ ನೀಲಿ ಬಣ್ಣವನ್ನೂ ತುಂಬಿದ್ದೆ. ಅಷ್ಟರಲ್ಲಿ ಜೀಪು ಬಂತು, ತೆಂಗಿನಕಾಯಿ ಒಡೆಯಿತು, ‘ಗೌ’ ಮಾಯವಾಯಿತು. ಸುಣ್ಣ ಹೊಡೆದವನು ಒಂದೇ ಕೋಟು ಹೊಡೆದಿದ್ದ. ಬಿಸಿಲು ಬಿದ್ದ ಹಾಗೆ ಹೊಸ ಗುರುತಿನ ಅಡಿಯಿಂದ ಹಳೆಯ ಪಕ್ಷದ ಗುರುತು ನಿಧಾನಕ್ಕೆ ಮೇಲೆದ್ದು ಬಂತು. ಮತದಾನದ ದಿನ ನೋಡಿದರೆ ಎರಡೂ ಗುರುತುಗಳು ಒಂದರ ಮೈಮೇಲೊಂದು ಕುಳಿತು ಜಗಳಾಡುತ್ತಿದ್ದವು. ಹಂಪ್ಸಿನಲ್ಲಿ ನಿಂತ ಲಾರಿಯವನೊಬ್ಬ ತಲೆ ಹೊರಗೆ ಹಾಕಿ, ‘ಮಾಸ್ತರ್ರ, ಯಾವುದಕ್ಕ ಒತ್ತಬೇಕ್ರಿ?’ ಅಂತ ಕೇಳಿದ. ಜಡೆಪ್ಪನವರು ಸೋತರು. ಮರುದಿನ ನಮ್ಮ ವರಾಂಡಕ್ಕೆ ಬಂದು, ಗಿರಿಜೆಯ ಮುಂದೆ ಕಣ್ಣೀರು ಹಾಕಿದರು. ‘ಅಕ್ಕಾರ, ನೀವು ಸುಣ್ಣ ಹೊಡಸಿದ್ದು ಗ್ವಾಡಿಗಲ್ರಿ, ನನ್ನ ಹಣಿಬರಕ್ಕ!’ ಅವಳು ಚಹಾದ ಲೋಟ ಅವರ ಮುಂದಿಟ್ಟು, ‘ಎರಡು ಕೋಟು ಹೊಡಸಬೇಕಿತ್ತು’ ಅಂದಳು.

ಆಮೇಲೆ ಸರಕಾರದವರು ಕ್ಷೇತ್ರಗಳ ಗೆರೆಗಳನ್ನು ಹೊಸದಾಗಿ ಎಳೆದರು. ಜಡೆಪ್ಪನವರ ಬಲವೆಲ್ಲ ಕಂಪ್ಲಿಯ ಕಡೆಗೆ ಹೋಯಿತು, ನಮ್ಮ ಮನೆ ಹೊಸಪೇಟೆಯ ಕಡೆಗೆ ಉಳಿಯಿತು. ಗಿರಿಜೆ ಆ ದಿನ ಹೋಳಿಗೆ ಮಾಡಿದಳು. ದೇಶದಲ್ಲಿ ಕ್ಷೇತ್ರ ಪುನರ್ವಿಂಗಡಣೆಗೆ ಹೋಳಿಗೆ ಮಾಡಿದ ಮನೆ ನಮ್ಮದೊಂದೇ ಇರಬೇಕು. ಆದರೆ ಜಡೆಪ್ಪನವರು ಬಂದರು, ಈ ಸಲ ಮೂರನೆಯ ಪಕ್ಷ. ಗಿರಿಜೆ ಶಾಲೆಯಲ್ಲಿದ್ದಳು, ಅತ್ತೆ ಕಮಲಾಪುರದ ತಂಗಿಯ ಮನೆಗೆ ಹೋಗಿ ಅಲ್ಲಿಂದ ಹಂಪಿಯ ದೇವರ ದರ್ಶನಕ್ಕೆಂದು ಹೊರಟಿದ್ದರು. ‘ಕ್ಷೇತ್ರ ಅಲ್ಲಿ, ಗ್ವಾಡಿ ಇಲ್ಲಿ. ಏನ್ ಮಾಡ್ಲಿ ಹೇಳ್ರಿ ಮಾಸ್ತರ್ರ? ಗ್ವಾಡಿ ನಾ ತಗೊಂಡ್ ಹೊಕ್ಕೀನಿ. ನಿಮಗ ಹೊಸಾ ಗ್ವಾಡಿ ಕಟ್ಟಸ್ತೀನಿ, ಗ್ರಾನೈಟ್ ಕಲ್ಲಿನ್ಯಾಗ ನಿಮ್ಮತ್ತಿ ಹೆಸರು ಕೆತ್ತಸ್ತೀನಿ, ಸಾಯೋತನಕ ಅಳಸಂಗಿಲ್ಲ’ ಅಂದರು. ಗ್ರಾನೈಟು! ಹೆಂಡತಿಯ ಮುಂದೆ ಒಮ್ಮೆಯಾದರೂ ತಲೆಯೆತ್ತಿ ನಿಲ್ಲುವ ದಾರಿ ಕಂಡು, ಜೀವನದಲ್ಲಿ ಮೊದಲ ಬಾರಿಗೆ ನಾನು ಯೋಚನೆ ಮಾಡಿ ಹ್ಞೂಂ ಅಂದೆ. ಯೋಚನೆ ಮಾಡಿದಾಗಲೂ ಅದೇ ಬರುತ್ತದೆ ಎಂದು ಅವತ್ತೇ ಗೊತ್ತಾಗಿದ್ದು.

ನನ್ನ ಮೂರ್ಖತನ ಅಲ್ಲಿಗೇ ನಿಲ್ಲಲಿಲ್ಲ. ಜೆಸಿಬಿಯವನು ಗೋಡೆಯನ್ನು ಒಮ್ಮೆಲೇ ಕೆಡವಲು ಹೋದಾಗ ನಾನೇ ತಡೆದೆ. ಹಂಪಿಯಲ್ಲಿ ವಾಲಿದ ಮಂಟಪವನ್ನು ಬಿಚ್ಚಿ ಕಟ್ಟುವಾಗ ಪ್ರತಿ ಕಲ್ಲಿಗೂ ನಂಬರು ಬರೆಯುತ್ತಾರೆ, ಇಲ್ಲವಾದರೆ ಯಾವ ಕಲ್ಲು ಎಲ್ಲಿಯದೆಂದು ದೇವರಿಗೂ ತಿಳಿಯುವುದಿಲ್ಲ ಎಂದು ಉಪನ್ಯಾಸ ಕೊಟ್ಟು, ಕುಂಚ ತಂದು, ಗಿಲಾವಿಲ್ಲದ ಒಳಬದಿಯಲ್ಲಿ ನಾನೇ ಒಂದೊಂದು ಕಲ್ಲಿಗೂ ನಂಬರು ಹಾಕಿದೆ. ಸಂಜೆಯ ಹೊತ್ತಿಗೆ ನಮ್ಮ ಗೋಡೆ ಗಿಲಾವಿನ ಸಮೇತ, ಎಲ್ಲದರ ಅಡಿಯಲ್ಲಿದ್ದ ಹೊಲಿಗೆ ಯಂತ್ರದ ಸಮೇತ, ಲಾರಿ ಹತ್ತಿ ಕಂಪ್ಲಿಗೆ ಹೋಯಿತು. ಗಿರಿಜೆ ಬಸ್ಸಿಳಿದು ನಮ್ಮ ಮನೆಯನ್ನು ದಾಟಿ ಮುಂದಕ್ಕೆ ನಡೆದುಬಿಟ್ಟಳು. ಗೋಡೆಯಿಲ್ಲದ ಮನೆ ಅವಳಿಗೆ ಗುರುತು ಹತ್ತಲಿಲ್ಲ. ನಾನು ಕೂಗಿ ಕರೆದೆ. ಕರೆಯಬಾರದಿತ್ತು.

ಜಡೆಪ್ಪನವರು ಕಂಪ್ಲಿಯಲ್ಲಿ ಗೆದ್ದರು. ನಮ್ಮ ಮನೆಯಲ್ಲಿ ಎಮ್ಮೆಗಳು ಗೆದ್ದವು. ಅಡ್ಡ ಇಲ್ಲದ್ದರಿಂದ ಅವು ನೇರ ವರಾಂಡಕ್ಕೆ ಬಂದು ಅತ್ತೆಯವರ ಎಲೆ ಅಡಿಕೆ ತಟ್ಟೆಗೆ ಮೂಗು ಇಡುತ್ತಿದ್ದವು. ಲಾರಿಯ ಧೂಳು ಹಾಲಿನ ಪಾತ್ರೆಯವರೆಗೂ ಬಂತು. ಬೆಳ್ಳಗಿನ ಸೀರೆ ಉಡುತ್ತಿದ್ದ ಅತ್ತೆ ಮಧ್ಯಾಹ್ನದ ಹೊತ್ತಿಗೆ ಕಾವಿ ಉಟ್ಟವರಂತೆ ಕಾಣುತ್ತಿದ್ದರು. ಕೆಮ್ಮು ಹತ್ತಿತು. ಕೆಮ್ಮಿದಾಗಲೆಲ್ಲ ಗಿರಿಜೆ ನನ್ನ ಕಡೆ ನೋಡುತ್ತಿದ್ದಳು. ನಾನು ವಾರಕ್ಕೊಮ್ಮೆ ಶಾಸಕರಿಗೆ ಫೋನು ಮಾಡುತ್ತಿದ್ದೆ. ಅವರ ಪಿ.ಎ. ‘ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ್ರಿ’ ಎನ್ನುತ್ತಿದ್ದ, ನಾನು ಹ್ಞೂಂ ಎನ್ನುತ್ತಿದ್ದೆ. ಕೊನೆಗೊಂದು ದಿನ, ಶಾಸಕರು ಕಲ್ಲಿನ ಕೆಲಸ ಒಪ್ಪಿಸಿದ್ದ ಗುತ್ತಿಗೆದಾರನ ಫೋನು ಬಂತು. ‘ಮಾಸ್ತರ್ರ, ನಿಮ್ಮತ್ತಿ ಹೆಸರಿನ ಕಲ್ಲು ಕುಂದ್ರಿಸಿವ್ರಿ, ಮಸ್ತ್ ಬಂದೈತಿ!’ ನಾನು ಹೊರಗೆ ಓಡಿ ಬಂದೆ. ಕಲ್ಲಿಲ್ಲ, ಗೋಡೆಯಿಲ್ಲ, ಎಮ್ಮೆ ಇತ್ತು. ‘ಎಲ್ಲಿ ಕುಂದ್ರಿಸೀರಿ?’ ಅಂದೆ. ‘ಗ್ವಾಡಿಗೇ ರೀ! ಗ್ವಾಡಿ ಕಂಪ್ಲ್ಯಾಗ ಇದ್ದಮ್ಯಾಲ ಕಲ್ಲು ಹೊಸಪ್ಯಾಟ್ಯಾಗ ಎದಕ ಕುಂದ್ರಸ್ಲಿ?’

ಮರುದಿನ ಅತ್ತೆ ಮೊಟ್ಟಮೊದಲ ಬಾರಿಗೆ ನನ್ನನ್ನು ಏನೋ ಕೇಳಿದರು. ‘ನನ್ನ ಹೆಸರು ನಾ ನೋಡಬೇಕ್ರಿ ಅಳಿಯಂದ್ರ. ಕರಕೊಂಡು ಹೊಕ್ಕೀರೇನು?’ ಇಬ್ಬರೂ ಕಂಪ್ಲಿಯ ಬಸ್ಸು ಹತ್ತಿದೆವು. ಶಾಸಕರ ಕಚೇರಿಯ ಮುಂದೆ ನಮ್ಮ ಗೋಡೆ ನಂಬರಿನ ಪ್ರಕಾರ ಒಂದು ಕಲ್ಲೂ ತಪ್ಪದೆ ನಿಂತಿತ್ತು. ನಡುವೆ ಕಪ್ಪು ಗ್ರಾನೈಟಿನಲ್ಲಿ ಬಂಗಾರದ ಅಕ್ಷರ, ‘ಗೌರಮ್ಮ ನಿಲಯ’. ಅದಕ್ಕೆ ಕುಂಕುಮ, ಹೂವು, ಕೆಳಗೆ ಊದುಬತ್ತಿ. ಅರ್ಜಿ ಹಿಡಿದು ಬಂದವರು ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಒಬ್ಬ ಹೆಣ್ಣುಮಗಳು, ‘ಶಾಸಕರ ಮನಿದೇವ್ರಂತ್ರಿ, ಭಾಳ ಸತ್ಯುಳ್ಳಾಕಿ’ ಎಂದು ನಮಗೇ ವಿವರಿಸಿದಳು. ಜಡೆಪ್ಪನವರು ಹೊರಗೆ ಬಂದವರು ಅತ್ತೆಯನ್ನು ಕಂಡು ಬೆವತರು. ಪಿಸುಮಾತಿನಲ್ಲಿ, ‘ಅವ್ವಾ, ಈಗ ಕಲ್ಲು ಕೀಳಾಕ ಜೋಯಿಸ್ರು ಬ್ಯಾಡ ಅಂತಾರ. ಮಂತ್ರಿಗಿರಿ ಮಾತು ನಡದೈತಿ’ ಅಂದರು.

‘ಯಾರು ಕೀಳು ಅಂದ್ರಪಾ ನಿನಗ? ಹೆಸರು ಯಾರದೈತಿ?’

‘ನಿಮ್ದೇ ಅವ್ವಾ.’

‘ಅಂದಮ್ಯಾಲ ಮನಿ ನಂದು’ ಎಂದವರೇ ಅತ್ತೆ ಸೀದಾ ಒಳಗೆ ನಡೆದು, ಶಾಸಕರ ತಿರುಗುವ ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತರು. ಎಲೆಗೆ ಸುಣ್ಣ ಹಚ್ಚತೊಡಗಿದರು. ‘ಹೊಸಪ್ಯಾಟ್ಯಾಗ ನನ್ನ ಮಗಳ ಗ್ವಾಡಿ ಏಳೋತನಕ ನಾ ಏಳಂಗಿಲ್ಲ. ಊಟಕ್ಕ ಏನೈತಿ?’ ಜಡೆಪ್ಪನವರು ಕೈಮುಗಿದರು, ನಕ್ಕರು, ಗದರಿಸಲು ಬಾಯಿ ತೆರೆದು ಹೊರಗಿನ ಜನರನ್ನು ನೋಡಿ ಮುಚ್ಚಿದರು. ಆ ಹೊತ್ತಿಗೆ ಗೌರಮ್ಮ ದೇವಿ ಸ್ವತಃ ಬಂದು ಕುಳಿತಿದ್ದಾಳೆಂದು ಸುದ್ದಿ ಹರಡಿ ಸಾಲು ಬೀದಿಯವರೆಗೆ ಬೆಳೆದಿತ್ತು. ಅತ್ತೆ ಅರ್ಜಿಗಳನ್ನು ತೆಗೆದುಕೊಂಡು, ‘ಈಕಿಗೆ ಪಿಂಚಣಿ ಯಾಕ ಬಂದಿಲ್ಲ? ಫೋನ್ ಹಚ್ಚು’ ಎಂದು ಪಿ.ಎ.ಗೆ ಹೇಳತೊಡಗಿದರು. ಅವನು ಹಚ್ಚಿದ! ಮೀಟಿಂಗಿನಲ್ಲಿರುವ ಸಾಹೇಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸಂಜೆಯೊಳಗೆ ಎರಡು ಲಾರಿ ಸೈಜುಗಲ್ಲು ಹೊಸಪೇಟೆಗೆ ಹೊರಟವು. ಮೇಸ್ತ್ರಿಗಳು ಪಾಯಕ್ಕೆ ಕೈಹಚ್ಚಿದರೆಂದು ಗಿರಿಜೆ ಫೋನಿನಲ್ಲಿ ಹೇಳಿದ ಮೇಲೆಯೇ ಅತ್ತೆ ಕಾಲು ಕೆಳಗಿಳಿಸಿದ್ದು. ಬಸ್ಸಿನಲ್ಲಿ ನಾನು, ‘ಅತ್ತೀ, ನನ್ನಿಂದ ಭಾಳ ತಪ್ಪಾತ್ರಿ’ ಅಂದೆ. ‘ಇರ್ಲಿ ಬಿಡ್ರಿ, ನಿಮಗ ಒಲ್ಲೆ ಅನ್ನಾಕ ಯಾರೂ ಕಲಿಸಿಲ್ಲ’ ಅಂದರು ಅವರು.

ಗೋಡೆ ಎದ್ದಿತು. ಗಿರಿಜೆ ಎರಡು ಕೋಟು ಸುಣ್ಣ ಹೊಡೆಸಿ, ಬಣ್ಣದ ಡಬ್ಬಿ ನನ್ನ ಕೈಗಿಟ್ಟಳು. ಅತ್ತೆ ಬೀದಿಯ ಆಚೆ ಕುರ್ಚಿ ಹಾಕಿಸಿಕೊಂಡು ಕುಳಿತರು. ಪ್ರತಿ ಅಕ್ಷರ ಮುಗಿದಾಗಲೂ ತುಟಿ ಅಲ್ಲಾಡಿಸಿ ಓದುತ್ತಿದ್ದರು. ‘ಗೌರಮ್ಮ ನಿಲಯ’ ಪೂರ್ತಿಯಾದಾಗ ಸೆರಗಿನಿಂದ ಕಣ್ಣೊರೆಸಿಕೊಂಡು, ಕಣ್ಣಿಗೆ ಧೂಳು ಬಿತ್ತು ಅಂದರು. ಆ ಹೊತ್ತಿನಲ್ಲಿ ಲಾರಿ ಯಾವುದೂ ಬಂದಿರಲಿಲ್ಲ. ಆಮೇಲೆ ಮಗಳ ಕಿವಿಯಲ್ಲಿ ಏನೋ ಹೇಳಿದರು. ಗಿರಿಜೆ ನಗು ತಡೆದುಕೊಂಡು ನನ್ನ ಬಳಿ ಬಂದಳು. ‘ಕೆಳಗ ಇನ್ನೊಂದು ಸಾಲು ಬರೀಬೇಕಂತ್ರಿ. ಬರೀತೀರೇನು?’ ನನ್ನ ತಲೆ ಯಾವಾಗಲೋ ಅಲ್ಲಾಡಿ ಮುಗಿದಿತ್ತು. ಅವಳು ಹೇಳಿದಳು, ನಾನು ಬರೆದೆ. ಇವತ್ತಿಗೂ ಹಂಪ್ಸಿನಲ್ಲಿ ನಿಂತ ಲಾರಿಯವರೆಲ್ಲ ಅದನ್ನು ಗಟ್ಟಿಯಾಗಿ ಓದಿ, ನನ್ನ ಕಡೆ ನೋಡಿ ನಕ್ಕು ಹೋಗುತ್ತಾರೆ: ‘ಈ ಗೋಡೆ ಬೇಕಾದವರು ಮಾಸ್ತರರನ್ನು ಕೇಳಬಾರದು.’ ಅಕ್ಷರ ಮಾತ್ರ ಭಾಳ ಚೆಂದ ಬಂದಿವೆ ಎಂದು ಎಲ್ಲರೂ ಹೇಳುತ್ತಾರೆ.