ಮಾವ ಕಡಲಿಗೆ ಕಟ್ಟಿದ ಏರಿ

ಭೂಮಿ ಹುಟ್ಟಿದಾಗಿನಿಂದ ಸಮುದ್ರಕ್ಕೆ ಕೆರೆ ಏರಿ ಕಟ್ಟಿದವರು ಯಾರಾದರೂ ಇದ್ದರೆ ನಮ್ಮ ಸೋದರಮಾವ ಒಬ್ಬರೇ! ಅದೂ ಗುಂಡ್ಲುಪೇಟೆಯಲ್ಲಿ ಕೂತು, ಎರಡು ಡಬ್ಬ ಬಣ್ಣದಲ್ಲಿ.

ಮಾವ ಲಾರಿಗಳ ಮೇಲೆ ಚಿತ್ರ ಬರೆಯುವವರು. ಊರೆಲ್ಲ ಸ್ಟಿಕ್ಕರ್ ಅಂಟಿಸುವ ಕಾಲ ಬಂದರೂ ಅವರು ಬ್ರಷ್ ಬಿಟ್ಟಿರಲಿಲ್ಲ. ವಾರಕ್ಕೊಂದು ಭಾನುವಾರ, ನಾನು ಚಾಮರಾಜನಗರದಿಂದ ಬಸ್ಸಿನಲ್ಲಿ ಜೋತುಬಿದ್ದು ಬಂದರೆ, "ಕೂತ್ಕೊ" ಅನ್ನುವ ಮೊದಲೇ ನನ್ನ ಕೈಗೆ ಬಣ್ಣದ ಡಬ್ಬ! ಆರು ದಿನ ದುಡಿದು ಸುಸ್ತಾದವನಿಗೆ ಇದೇನು ವಿಶ್ರಾಂತಿಯೇ, ನೀವೇ ಹೇಳಿ.

ಈರುಳ್ಳಿ ತುಂಬಲು ಬಂದ ಕೇರಳದ ಡ್ರೈವರೊಬ್ಬ, ಲಾರಿಯ ಹಿಂಬದಿಗೆ ಕಡಲತೀರದ ತನ್ನ ಊರನ್ನು ಬರೆದುಕೊಡಿ ಎಂದ. ಮಾವ ಕಂಡ ಅತಿ ದೊಡ್ಡ ನೀರೆಂದರೆ ಊರ ಕೆರೆ. ಆದರೇನು? ತೆಂಗು ಬಂತು, ದೋಣಿ ಬಂತು, ದೋಣಿ ಪಕ್ಕ ಎಮ್ಮೆಯೂ ಬಂತು. ಕೊನೆಗೆ ಊರಿಗೂ ನೀರಿಗೂ ನಡುವೆ ಕೆಮ್ಮಣ್ಣಿನ ಏರಿ, ನೀರು ಬಿಡಲು ಒಂದು ತೂಬು!

ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಣ್ಣಾ, ಕಡಲಿಗೆ ಏರಿ ಇಲ್ಲ!"

"ಏರಿ ಇಲ್ದೆ ಅಷ್ಟು ನೀರು ಎಂಗಯ್ಯಾ ನಿಂತದೆ? ಊರೊಳಕ್ಕೆ ನುಗ್ಗಾಕಿಲ್ವಾ?"

ಅವನ ನಗು ನಿಂತಿತು. "ನುಗ್ಗಿತು ಅಣ್ಣಾ."

ಅಜ್ಜನ ಕಾಲದಲ್ಲಿ ಮೀನು ಒಣಗಿಸುವ ಬಯಲು ಕಡಲ ಪಾಲಾಯಿತಂತೆ. ಆಮೇಲೆ ಶಾಲೆ. ಹೋದ ಮಳೆಗಾಲದಲ್ಲಿ ಅವನ ಮನೆಯಿದ್ದ ಸಾಲು. ಅವನ ತಾಯಿ ಈಗ ಮಗಳ ಮನೆಯಲ್ಲಿ. ದಿನಾ ಒಂದೇ ಮಾತು: ನನ್ನ ಮನೆ ಒಂದು ಸಲ ನೋಡಬೇಕು.

"ಅಂಗಾರೆ ಸರ್ಯಾಗಿ ಯೋಳು. ಬಾಗ್ಲು ಯಾವ ಕಡೀಕಿತ್ತು? ಬಾವಿ ಎಲ್ಲಿತ್ತು?"

ಮನೆ ಮನೆಗೂ ವಿಚಾರಣೆ. ಡಬ್ಬ ಹಿಡಿದ ನನ್ನ ತೋಳು ಮರಗಟ್ಟಿತು. "ಮಾವ, ಓಡೋ ಲಾರೀಲಿ ಬಾವಿ ಯಾರು ನೋಡ್ತಾರೆ? ನಂಗೆ ಬಸ್ ಓಯ್ತದೆ."

"ಓಗ್ಲಿ ಬುಡ್ಲಾ. ಅವ್ನ ಊರೇ ಓಗ್ಬುಟ್ಟದೆ, ನಿನ್ ಬಸ್ಸಿಂದೊಂದು ಗೋಳಾ!"

ಶಾಲೆ ಬಂತು, ಬಯಲು ಬಂತು, ಬಾವಿ ಪಕ್ಕ ನೀಲಿ ಬಾಗಿಲಿನ ಮನೆ ಬಂತು. ಕೊನೆಗೆ ಮಾವ ಸೀಮೆಎಣ್ಣೆ ಬಟ್ಟೆ ಹಿಡಿದು ಕೇಳಿದರು: "ಏರಿ ಒರೆಸ್ಬುಡ್ಲಾ?"

ಡ್ರೈವರ್ ಏರಿಯನ್ನೂ ನೀಲಿ ಬಾಗಿಲನ್ನೂ ನೋಡಿದ. "ಇರಲಿ ಅಣ್ಣಾ."

ಎರಡು ತಿಂಗಳಾದ ಮೇಲೆ ಲಾರಿ ಮತ್ತೆ ಬಂತು. ನನ್ನ ಹಣೆಬರಹ, ಅಂದೂ ಭಾನುವಾರ! ಡ್ರೈವರ್ ಇಳಿದು ತಲೆ ಕೆರೆದುಕೊಂಡು ನಿಂತ.

"ಯಾಕಯ್ಯಾ, ಮನೆ ತಪ್ಪಾಗ್ಬುಟ್ಟದಾ?" ಮಾವನ ಮುಖ ಬಾಡಿತು.

"ಇಲ್ಲ ಅಣ್ಣಾ. ಅಮ್ಮ ನೀಲಿ ಬಾಗಿಲು ಮುಟ್ಟಿ ಮುಟ್ಟಿ ನೋಡಿದಳು." ಅವನು ನೆಲ ನೋಡಿದ. "ಏರಿ ಇನ್ನೂ ಸ್ವಲ್ಪ ಎತ್ತರ ಮಾಡಿಸು ಅಂತ ಹೇಳಿದಳು."

ಮಾವ ಬ್ರಷ್ ಹುಡುಕತೊಡಗಿದರು. ಅವತ್ತು ಕೆಮ್ಮಣ್ಣು ಬಣ್ಣದ ಡಬ್ಬವನ್ನು ಯಾರೂ ಹೇಳದೆ ನಾನೇ ಎತ್ತಿಕೊಂಡೆ.