ಹದಿನೆಂಟು ನಿಮಿಷದ ಹಾಡು

ಸುಳ್ಳು ಹೇಳುವುದೇನು ಮಹಾ ಕಷ್ಟವಲ್ಲ. ಹೇಳಿದ ಸುಳ್ಳನ್ನು ಇಪ್ಪತ್ತಾರು ವರ್ಷ ರಾಗವಾಗಿ ಹಾಡಬೇಕಾಗಿ ಬಂದರೆ ಅದು ಕಷ್ಟ. ಬೇಕಾದರೆ ಗಡಿಯಾರದಂಗಡಿ ಯಜಮಾನರನ್ನೇ ಕೇಳಿ. (ಅವರ ಹೆಂಡತಿ ಪಕ್ಕದಲ್ಲಿಲ್ಲದಾಗ ಕೇಳಿ, ಪುಣ್ಯಾತ್ಮರೇ.)

ಆ ಭಾನುವಾರ ಬೆಳಿಗ್ಗೆ ಯಜಮಾನರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಯಾರದೋ ಕೈಗಡಿಯಾರದ ಹೊಟ್ಟೆ ಬಗೆದುಕೊಂಡು ಮನೆಯಲ್ಲೇ ಕೂತಿದ್ದರು. ಮಗಳು ಬಾಗಿಲು ದೂಡಿಕೊಂಡು ಒಳಗೆ ಬಂದಳು. ಹಿಂದೆ ಅಳಿಯ.

"ಅಮ್ಮಾ! ದೋಣಿ ಸಿನಿಮಾ ಥಿಯೇಟರಿಗೆ ಬಂದಿದೆ! ನಾಲ್ಕು ಸೀಟು ಹಿಡಿದಾಯ್ತು, ಇವತ್ತೇ, ಮಧ್ಯಾಹ್ನದ ಆಟ!"

ಯಜಮಾನರ ಕೈಯಿಂದ ಚಿಮ್ಮಟ ಜಾರಿತು. ಅದು ಹಿಡಿದಿದ್ದ ಸಾಸಿವೆಯಷ್ಟು ಸಣ್ಣ ಸ್ಕ್ರೂ ಹಾರಿ ಎಲ್ಲಿ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ.

ದೋಣಿ ಸಿನಿಮಾಕ್ಕೆ ಒಂದು ಉದ್ದನೆಯ, ಗಂಭೀರವಾದ ಹೆಸರಿದೆ. ಈ ಮನೆಯಲ್ಲಿ ಅದನ್ನು ಯಾರೂ ಬಳಸಿದವರಲ್ಲ. ಅಪ್ಪ, ಅಮ್ಮ, ಆರು ಮಕ್ಕಳು ಒಂದು ದೋಣಿಯಲ್ಲಿ ಸಂಸಾರ ಮಾಡಿಕೊಂಡಿರುತ್ತಾರೆ. ಸಂತೋಷವಾದರೆ ಹಾಡುತ್ತಾರೆ, ದೋಣಿ ತೂತಾದರೆ ಹಾಡುತ್ತಾರೆ, ಅಧಿಕಾರಿ ಬಂದು ದೋಣಿ ಜಪ್ತಿ ಮಾಡುತ್ತೇನೆಂದರೆ ಅವನ ಮುಂದೆಯೂ ಎಂಟು ಜನ ಸಾಲಾಗಿ ನಿಂತು ಹಾಡುತ್ತಾರೆ. ಕೊನೆಗೆ ಅಧಿಕಾರಿಯೇ ಹಾಡುತ್ತಾನೆ. ಅಷ್ಟೇ ಕಥೆ. ಅಷ್ಟಕ್ಕೇ ಈ ಮನೆಯವರು ಇಪ್ಪತ್ತಾರು ವರ್ಷದಿಂದ ತಿಂಗಳಿಗೊಂದು ಭಾನುವಾರ ಕರವಸ್ತ್ರ ಹಿಡಿದುಕೊಂಡು ಟಿವಿ ಮುಂದೆ ಕೂರುತ್ತಾರೆ.

ಮೂಲ ಅಪರಾಧ ನಡೆದದ್ದು ಮಗಳು ಹುಟ್ಟಿದ ದಿನ. ಯಜಮಾನರ ಹೆಂಡತಿ ಶಾಲೆಯಲ್ಲಿ ಪಾಠ ಹೇಳುವವರು. ಊರಿಗೆಲ್ಲ ಟೀಚರಮ್ಮ, ಮನೆಗೂ ಟೀಚರಮ್ಮ. ಆರು ವರ್ಷದವರಿದ್ದಾಗ ಈ ಸಿನಿಮಾವನ್ನು ಅಪ್ಪನ ತೊಡೆಯ ಮೇಲೆ ಕೂತು ಒಮ್ಮೆ ನೋಡಿದ್ದರು. ಇಂಟರ್ವಲ್ ಆಗುತ್ತಲೇ ನಿದ್ದೆ ಹೋಗಿ, ಬಿರುಗಾಳಿ ಬಂದಾಗಲೇ ಎದ್ದದ್ದು. ಆ ನಡುವಿನ ಭಾಗದಲ್ಲಿ ಏನಾಯಿತು ಅನ್ನುವುದು ಅವರ ಬಾಲ್ಯದ ದೊಡ್ಡ ಕೊರಗು. ಟಿವಿಯಲ್ಲಿ ಆ ಸಿನಿಮಾ ಬಂದ ಒಂದೇ ಒಂದು ಮಧ್ಯಾಹ್ನವೇ ಅವರು ಹೆರಿಗೆ ಆಸ್ಪತ್ರೆ ಸೇರಬೇಕೆ! ಸ್ಟ್ರೆಚರ್ ಮೇಲೆ ಮಲಗಿಕೊಂಡೇ ಗಂಡನ ಅಂಗಿ ಹಿಡಿದು ಹೇಳಿದ್ದರು: "ರೀ, ಇಲ್ಲಿ ಡಾಕ್ಟರಿದ್ದಾರೆ, ನೀವು ನಿಂತು ಮಾಡೋದೇನೂ ಇಲ್ಲ. ಮನೆಗೆ ಹೋಗಿ ರೆಕಾರ್ಡ್ ಮಾಡಿ. ಇಂಟರ್ವಲ್‌ನಲ್ಲಿ ಕ್ಯಾಸೆಟ್ ಬದಲಾಯಿಸೋದು ಮರೀಬೇಡಿ."

ಯಜಮಾನರು ಮರೆಯಲಿಲ್ಲ. ಹಿಂದಿನ ಎರಡು ದಿನ ಕಣ್ಣಿಗೆ ಕಣ್ಣು ಹಚ್ಚಿರಲಿಲ್ಲ, ಅಷ್ಟೇ. ಮೊದಲನೇ ಕ್ಯಾಸೆಟ್ ಮುಗಿಯಿತು. ಎರಡನೆಯದನ್ನು ಕೈಯಲ್ಲಿ ಹಿಡಿದುಕೊಂಡು, ಜಾಹೀರಾತು ಮುಗಿಯಲಿ ಎಂದು ಕುರ್ಚಿಗೆ ಒರಗಿದರು. ಕಣ್ಣು ಬಿಟ್ಟಾಗ ಗೋಡೆ ಮೇಲೆ ಪರೀಕ್ಷೆಗೆ ನೇತುಹಾಕಿದ್ದ ಹನ್ನೊಂದು ಗಡಿಯಾರಗಳು ಒಟ್ಟಿಗೆ ಮೂರು ಹೊಡೆಯುತ್ತಿದ್ದವು, ಟಿವಿಯಲ್ಲಿ ಬಿರುಗಾಳಿ ಶುರುವಾಗುತ್ತಿತ್ತು. ಹದಿನೆಂಟು ನಿಮಿಷ ಕೈತಪ್ಪಿ ಹೋಗಿತ್ತು. ಊರಿಗೆಲ್ಲ ಸಮಯ ಸರಿ ಮಾಡಿಕೊಡುವ ಮನುಷ್ಯ!

ನಾಲ್ಕನೇ ದಿನ ಟೀಚರಮ್ಮ ಮಗುವಿನ ಜೊತೆ ಮನೆಗೆ ಬಂದು ಟೇಪ್ ಹಾಕಿಸಿದರು. ಮೊದಲನೇ ಕ್ಯಾಸೆಟ್ ಮುಗಿದು ಎರಡನೆಯದು ನೇರ ಬಿರುಗಾಳಿಗೆ ಹಾರಿತು. ಮಗು ಕಿಟಾರನೆ ಅಳುತ್ತಿತ್ತು. ಟೀಚರಮ್ಮನ ಕಣ್ಣಲ್ಲೂ ನೀರು ತುಂಬಿಕೊಂಡಿತು.

"ನಡುವಿನದ್ದು ಎಲ್ಲಿ?"

"ಅದು... ಆ ಹೊತ್ತಿಗೆ ಮಿಷನ್ ಕೈ ಕೊಡ್ತು. ನಾನು ಮಾತ್ರ ನೋಡಿದೆ," ಎಂದರು ಯಜಮಾನರು. ಎಷ್ಟಾದರೂ ಗಂಡಸಿನ ಬಾಯಿ, ಹೆದರಿದಾಗ ಉದ್ದವಾಗುತ್ತದೆ. "ಅಲ್ಲೊಂದು ಹಾಡು ಬರುತ್ತೆ. ದೋಣಿಯ ಅಪ್ಪ ಕೊನೇ ಮಗಳನ್ನ ಮಲಗಿಸೋಕೆ ಹಾಡ್ತಾನೆ."

"ಹಾಡಿ ತೋರಿಸಿ."

ಮಗು ಅಳುತ್ತಿದೆ, ಹೆಂಡತಿ ನೋಡುತ್ತಿದ್ದಾಳೆ, ಗೋಡೆ ತುಂಬ ಗಡಿಯಾರ ಟಿಕ್ ಟಿಕ್ ಅನ್ನುತ್ತಿದೆ. ಯಜಮಾನರು ಎದ್ದು ನಿಂತು ಬಾಯಿ ಬಿಟ್ಟರು. ಜನ್ಮದಲ್ಲಿ ಒಂದು ಸಾಲು ಬರೆಯದವರ ಬಾಯಿಂದ ಹಾಡು ಬಂತು:

ನೀರಿಗೂ ನಿದ್ದೆ ಬಂತು, ದಡಕೂ ನಿದ್ದೆ ಬಂತು,
ಹುಟ್ಟನು ಎತ್ತಿಟ್ಟು ಕುಳಿತೆ ನಾನು;
ಟಿಕ್ ಟಿಕ್ ಟಿಕ್ಕೆಂದು ಎದೆಯೊಂದೇ ಎಚ್ಚರ,
ನಿನ್ನ ನಿದ್ದೆಯ ಹುಡುಕಿ ತರಲೇನು?

ಮಗು ಅಳು ನಿಲ್ಲಿಸಿತು. ಟೀಚರಮ್ಮ ಅತ್ತರು. ಯಜಮಾನರ ಕಥೆ ಅಲ್ಲಿಗೆ ಮುಗಿಯಿತು.

ಅಂದಿನಿಂದ ಅದೇ ಪದ್ಧತಿ. ಮೊದಲನೇ ಕ್ಯಾಸೆಟ್ ಮುಗಿದ ಕೂಡಲೇ ಯಜಮಾನರು ಎದ್ದು ಟಿವಿಗೆ ಅಡ್ಡ ನಿಂತು ಹಾಡಬೇಕು, ಆಮೇಲೆ ಎರಡನೆಯದು ಹಾಕಬೇಕು. ಮಗಳು ಆ ಹಾಡು ಕೇಳಿಯೇ ಬೆಳೆದಳು. ಈಗ ಆಸ್ಪತ್ರೆಯಲ್ಲಿ ನರ್ಸು, ಮಕ್ಕಳ ವಾರ್ಡಿನಲ್ಲಿ ಅದನ್ನೇ ಹಾಡುತ್ತಾಳೆ. ಮದುವೆಗೆ ಮುಂಚೆ ಅಳಿಯನನ್ನು ಕೂರಿಸಿ ಆ ಹಾಡು ಕೇಳಿಸಿ, ಅವನ ಕಣ್ಣು ಒದ್ದೆಯಾದದ್ದನ್ನು ಖಾತ್ರಿ ಮಾಡಿಕೊಂಡೇ ಟೀಚರಮ್ಮ ಒಪ್ಪಿದ್ದು. ಎಲ್ಲ ಸರಿಯೇ. ಆದರೆ ಪ್ರತಿ ಸಲ ಹಾಡು ಮುಗಿದ ಮೇಲೆ ಟೀಚರಮ್ಮ ನಿಟ್ಟುಸಿರು ಬಿಟ್ಟು ಹೇಳುವ ಮಾತೊಂದಿತ್ತು:

"ಇವರ ಗೊಗ್ಗರು ಗಂಟಲಲ್ಲೇ ಇಷ್ಟು ಚೆನ್ನಾಗಿದೆ. ಆ ನಾಯಕನ ಗಂಟಲಲ್ಲಿ ಇನ್ನು ಹೇಗಿರಬೇಡ!"

ತಾನು ಕಟ್ಟಿದ ಹಾಡಿಗೆ ಹೆಂಡತಿ ಬೇರೊಬ್ಬನನ್ನು ನೆನೆದು ನಿಟ್ಟುಸಿರು ಬಿಡುವುದನ್ನು ತಿಂಗಳಿಗೊಮ್ಮೆ ಪಕ್ಕದಲ್ಲೇ ನಿಂತು ನೋಡುವ ಸೌಭಾಗ್ಯ ಎಷ್ಟು ಗಂಡಂದಿರಿಗಿದೆ, ಹೇಳಿ? ಹೊಟ್ಟೆಯೊಳಗೆ ಉರಿದರೂ ಯಜಮಾನರು ಬಾಯಿ ಬಿಡಲಿಲ್ಲ. ಸಿನಿಮಾದ ಪ್ರಿಂಟು ಎಲ್ಲೂ ಉಳಿದಿಲ್ಲ ಎಂದು ಪೇಪರಿನಲ್ಲಿ ಬಂದಿತ್ತು. ಆ ಸುದ್ದಿಯನ್ನು ನಂಬಿಕೊಂಡು ನೆಮ್ಮದಿಯಾಗಿದ್ದರು. ಈಗ ಯಾವುದೋ ಗೋದಾಮಿನಲ್ಲಿ ಪೂರ್ತಿ ಪ್ರಿಂಟು ಸಿಕ್ಕಿ, ತೊಳೆದು ತಿಕ್ಕಿ, ಊರೂರಿಗೆ ಕಳಿಸಿದ್ದಾರಂತೆ. ಪುಣ್ಯಾತ್ಮರಿಗೆ ಬೇರೆ ಕೆಲಸವಿರಲಿಲ್ಲವೇ?

"ಕೊನೆಗೂ ಅವನ ಬಾಯಲ್ಲೇ ಕೇಳ್ತೀನಿ," ಎಂದು ಟೀಚರಮ್ಮ ಒಗೆದಿಟ್ಟ ಒಳ್ಳೆಯ ಬಟ್ಟೆ ತೆಗೆದರು. ಆ ಮುಖದ ಕಳೆ ನೋಡಿ ಯಜಮಾನರಿಗೆ ಸಂಕಟವಾಯಿತು. ಬೈಸಿಕೊಳ್ಳುವುದು ಅವರಿಗೆ ಹೊಸದಲ್ಲ. ಆದರೆ ಹಾಡು ಸುಳ್ಳೆಂದು ಗೊತ್ತಾದರೆ ಅದನ್ನು ಕೇಳುತ್ತ ಕಳೆದ ಅಷ್ಟೂ ಭಾನುವಾರಗಳು ಸುಳ್ಳಾಗಿಬಿಡುತ್ತವಲ್ಲ, ಮಗಳ ಜೋಗುಳ ಸುಳ್ಳಾಗಿಬಿಡುತ್ತದಲ್ಲ. ಅದನ್ನು ಅವರು ಸಹಿಸಲಾರರು.

ಥಿಯೇಟರಿನಲ್ಲಿ ಇಂಟರ್ವಲ್ ತನಕ ಯಜಮಾನರು ಸಿನಿಮಾ ನೋಡಲಿಲ್ಲ, ವ್ಯೂಹ ರಚಿಸಿದರು. ಇಂಟರ್ವಲ್ ಆದ ಮೇಲೆ ಹದಿನೆಂಟು ನಿಮಿಷ ಈ ಮೂವರನ್ನು ಒಳಗೆ ಬಿಡಬಾರದು, ಅಷ್ಟೇ ತಾನೇ?

"ಬನ್ನಿ, ಎಲ್ಲರಿಗೂ ಕಾಫಿ," ಎಂದು ಇದ್ದುದರಲ್ಲೇ ಉದ್ದನೆಯ ಸಾಲಿಗೆ ಹೋಗಿ ನಿಂತರು. ಹಿಂದೆ ಬಂದವರಿಗೆಲ್ಲ "ನೀವು ಮೊದಲು, ನೀವು ಮೊದಲು" ಎಂದು ದಾರಿ ಬಿಟ್ಟರು.

"ಇದೇನ್ರೀ ಇವತ್ತು ಇಷ್ಟು ದೊಡ್ಡ ಮನಸ್ಸು?" ಎಂದರು ಟೀಚರಮ್ಮ. "ಕಾಫಿ ಮನೇಲೂ ಸಿಗುತ್ತೆ. ಗಂಟೆ ಹೊಡೀತು, ನಡೀರಿ."

"ಅಯ್ಯೋ! ಮಂಡಿ ಹಿಡ್ಕೊಂಡ್ತು! ಅಮ್ಮಾ!" ಯಜಮಾನರು ಕಂಬಕ್ಕೆ ಒರಗಿಕೊಂಡರು.

ಅಳಿಯ ಗಾಬರಿಯಾಗಿ ಕುರ್ಚಿ ಹುಡುಕಿದ. ಮಗಳು ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದಳು. "ಅಪ್ಪಾ, ನೀನು ಹಿಡ್ಕೊಂಡಿರೋದು ಎಡಗಾಲು. ಕುಂಟ್ತಾ ಇರೋದು ಬಲಗಾಲು."

ನರ್ಸು ಮಗಳನ್ನು ಬೆಳೆಸಿದ ತಪ್ಪಿಗೆ ಯಜಮಾನರು ಎರಡೂ ಕಾಲಿನಲ್ಲಿ ನೆಟ್ಟಗೆ ನಡೆದು ಒಳಗೆ ಹೋದರು.

ದೀಪ ಆರಿತು. ಟೀಚರಮ್ಮ ಕನ್ನಡಕ ಒರೆಸಿ ಹಾಕಿಕೊಂಡು ಗಂಡನ ಕೈ ಹಿಡಿದುಕೊಂಡರು. ತೆರೆಯ ಮೇಲೆ ನಾಯಕ ಬಂದರಿನ ಕಚೇರಿಗೆ ಹೋದ. ಒಂದು ಅರ್ಜಿ ತುಂಬಿದ. ಗುಮಾಸ್ತ ಇದು ತಪ್ಪು ಅರ್ಜಿ ಎಂದ. ನಾಯಕ ಇನ್ನೊಂದು ಅರ್ಜಿ ತುಂಬಿದ. ಗುಮಾಸ್ತ ನಾಳೆ ಬನ್ನಿ ಎಂದ. ನಾಯಕ ದೋಣಿಗೆ ವಾಪಸು ಬಂದು, ಕೊನೇ ಮಗಳ ಪಕ್ಕದಲ್ಲಿ ಅಡ್ಡಾದ. ಟೀಚರಮ್ಮನ ಹಿಡಿತ ಬಿಗಿಯಾಯಿತು. ನಾಯಕ ಬಾಯಿ ಬಿಟ್ಟ. ಗೊರಕೆ ಹೊಡೆದ. ಆಮೇಲೆ ಬಿರುಗಾಳಿ ಬಂತು.

ಹದಿನೆಂಟು ನಿಮಿಷ. ಹಾಡಿಲ್ಲದ ಹದಿನೆಂಟು ನಿಮಿಷವೆಂದರೆ ಇಡೀ ಸಿನಿಮಾದಲ್ಲಿ ಇದೊಂದೇ.

"ಹಾಡೆಲ್ಲಿ?" ಎಂದು ಟೀಚರಮ್ಮ ಕತ್ತಲಲ್ಲೇ ಎದ್ದು ನಿಂತರು. "ಹಾಡು ಕತ್ತರಿಸಿದ್ದಾರೆ!"

"ಶ್ಶ್! ಕೂತ್ಕೊಳ್ರಮ್ಮ!" ಎಂದಿತು ಹಿಂದಿನ ಸಾಲು.

ಸಿನಿಮಾ ಮುಗಿಯುತ್ತಲೇ ಟೀಚರಮ್ಮ ನೇರ ಮ್ಯಾನೇಜರ ಕೋಣೆಗೆ ನುಗ್ಗಿದರು. ಯಜಮಾನರು ಇಂಗು ತಿಂದ ಮಂಗನ ಹಾಗೆ ಹಿಂದೆ ಹೋದರು. ಮ್ಯಾನೇಜರು ಬಡಕಲು ಮನುಷ್ಯ, ಒಂದು ಅಡಿ ಕೂಡ ಕತ್ತರಿಸಿಲ್ಲ ಮೇಡಂ ಎಂದು ಪರಿಪರಿಯಾಗಿ ಹೇಳಿದರು. ಸಾಲದೆಂದು ಮೇಲಿನಿಂದ ಪ್ರೊಜೆಕ್ಟರ್ ನಡೆಸುವ ಅಜ್ಜನನ್ನೂ ಕರೆಸಿದರು.

"ಈ ಸಿನಿಮಾ ಮೊದಲ ಸಲ ಬಂದಾಗ ಇನ್ನೂರು ಆಟ ಓಡಿಸಿದ್ದೀನಿ ತಾಯಿ," ಎಂದ ಅಜ್ಜ. "ಅಲ್ಲಿ ಹಾಡಿಲ್ಲ. ಗೊರಕೇನೇ."

"ಇಲ್ವಾ? ಹಾಗಾದ್ರೆ ಇದೇನು?" ಎಂದು ಟೀಚರಮ್ಮ ಕೋಣೆಯ ಬಾಗಿಲಲ್ಲೇ ನಿಂತು ಹಾಡತೊಡಗಿದರು. ಮಗಳೂ ದನಿಗೂಡಿಸಿದಳು. ಅಳಿಯ ತಾಳ ಹಾಕಿದ. ಟಿಕೆಟ್ ಹರಿಯುವವನು ಕೆಲಸ ನಿಲ್ಲಿಸಿದ, ಹೊರಗೆ ಹೊರಟಿದ್ದ ಜನ ತಿರುಗಿ ನಿಂತರು, ಯಾರದೋ ಕಂಕುಳಲ್ಲಿ ರಚ್ಚೆ ಹಿಡಿದಿದ್ದ ಕೂಸು ಸುಮ್ಮನಾಯಿತು. ಮುಗಿದಾಗ ಜನ ಚಪ್ಪಾಳೆ ತಟ್ಟಿದರು.

"ಹಾಡು ಬಹಳ ಚೆನ್ನಾಗಿದೆ ತಾಯಿ," ಎಂದು ಅಜ್ಜ ಕಣ್ಣೊರೆಸಿಕೊಂಡ. "ಇದಿದ್ದಿದ್ರೆ ಸಿನಿಮಾ ಇನ್ನೂ ನಾಲ್ಕು ವಾರ ಓಡ್ತಿತ್ತು. ಆದ್ರೆ ದೋಣಿಯೊಳಗೆ ಆ ಟಿಕ್ ಟಿಕ್ ಎಲ್ಲಿಂದ ಬಂತು?"

ಹೆದರಿಕೆಯನ್ನಾದರೂ ಮನುಷ್ಯ ತಡೆದುಕೊಳ್ಳಬಹುದು. ಚಪ್ಪಾಳೆಯನ್ನು ತಡೆದುಕೊಳ್ಳುವುದು ಯಾರಿಂದಾದೀತು? ಇಪ್ಪತ್ತಾರು ವರ್ಷ ಮುಚ್ಚಿಟ್ಟದ್ದು ಯಜಮಾನರ ಎದೆಯಿಂದ ಒಮ್ಮೆಲೇ ಉಕ್ಕಿತು.

"ನನ್ನಿಂದ ಬಂತು! ಆ ಹಾಡು ನಂದು! ಅವತ್ತು ನಾನು ನಿದ್ದೆ ಹೋಗ್ಬಿಟ್ಟೆ, ಬೈತೀಯ ಅಂತ ಹೆದರಿ ನಿಂತ ನಿಲುವಲ್ಲೇ ಕಟ್ಟಿದೆ. ಅದಕ್ಕೇ ಟಿಕ್ ಟಿಕ್, ನಾನು ಗಡಿಯಾರದವನು ಅಂತ! ಸಿನಿಮಾದಲ್ಲಿ ಅಂಥ ಹಾಡೇ ಇಲ್ಲ ಮಾರಾಯ್ತಿ!"

ಎಲ್ಲರೂ ಅವರನ್ನೇ ನೋಡಿದರು. ಬಿದ್ದರೆ ಬೀಳಲಿ ಸಿಡಿಲು ಎಂದು ಯಜಮಾನರು ಕಣ್ಣು ಮುಚ್ಚಿಕೊಂಡರು. ಟೀಚರಮ್ಮ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ನೀವು? ಹಾಡು? ರೀ, ಹುಟ್ಟುಹಬ್ಬಕ್ಕೆ ನಂಗೆ ಕೊಟ್ಟ ಕಾರ್ಡಲ್ಲಿ 'ಇಂತಿ ನಿಮ್ಮ ವಿಶ್ವಾಸಿ' ಅಂತ ಬರೆದಿದ್ದವರು ನೀವು!"

"ಆಣೆ ಮಾಡಿ ಹೇಳ್ತೀನಿ..."

"ಟಿಕ್ ಟಿಕ್ ಅಂದ್ರೆ ಹುಟ್ಟಿನ ತುದಿಯಿಂದ ನೀರು ತೊಟ್ಟಿಕ್ಕೋದು. ಕವಿತೆ ಅಂದ್ರೆ ಏನು ಗೊತ್ತು ನಿಮಗೆ? ಆಯ್ತು, ನೀವೇ ಕಟ್ಟಿದ್ದಾದ್ರೆ ಇನ್ನೊಂದು ಚರಣ ಕಟ್ಟಿ ನೋಡೋಣ."

ಜನ ಕಿವಿ ನೆಟ್ಟಗೆ ಮಾಡಿಕೊಂಡು ಹತ್ತಿರ ಬಂದರು. ಯಜಮಾನರು ಗಂಟಲು ಸರಿಮಾಡಿಕೊಂಡರು. "ಮೀನಿಗೂ ನಿದ್ದೆ ಬಂತು... ಏಡಿಗೂ ನಿದ್ದೆ ಬಂತು..."

"ಹೂಂ, ಮುಂದೆ?"

"ಕಪ್ಪೆಗೂ... ಕಪ್ಪೆಗೂ ಬಂತು..."

"ಸಾಕು, ಕೊಳದಲ್ಲಿರೋರೆಲ್ಲ ಮಲಗಿದ್ರು," ಎಂದರು ಟೀಚರಮ್ಮ. ಜನ ಗೊಳ್ಳೆಂದು ನಕ್ಕರು.

"ಅಮ್ಮಾ, ಪಾಪ, ಮ್ಯಾನೇಜರನ್ನ ಉಳಿಸೋಕೆ ಅಪ್ಪ ತಮ್ಮ ಮೇಲೆ ಹಾಕ್ಕೊಳ್ತಿದ್ದಾರೆ," ಎಂದು ಮಗಳು ಅಪ್ಪನ ತೋಳು ಸವರಿದಳು.

"ಮಾವನದ್ದು ಯಾವತ್ತೂ ಒಳ್ಳೇ ಮನಸ್ಸು," ಎಂದ ಅಳಿಯ.

ಮ್ಯಾನೇಜರು ಸಿಕ್ಕಿದ್ದೇ ಸಮಯವೆಂದು ದೂರಿನ ಪುಸ್ತಕ ಮುಂದೆ ನೂಕಿದರು. ಟೀಚರಮ್ಮನಿಗೆ ನಿಂತು ಹೇಳಿ ಬರೆಸುವುದೇ ಅಭ್ಯಾಸ. ಪೆನ್ನು ಗಂಡನ ಕೈಗೆ ಬಂತು.

"ಬರೀರಿ. 'ಚಿತ್ರದ ಜೀವಾಳವೇ ಆಗಿದ್ದ, ನಾಯಕರು ತಮ್ಮ ಅಮೃತಕಂಠದಿಂದ ಹಾಡಿದ್ದ ಹಾಡನ್ನು...'"

"ಅಮೃತಕಂಠ ಬೇಕಾ?"

"ಬರೀರಿ ಅಂದೆ. '...ರಸಜ್ಞಾನವಿಲ್ಲದ ಯಾರೋ ಕತ್ತರಿಸಿದ್ದಾರೆ. ಹುಡುಕಿ ಮರಳಿ ಸೇರಿಸತಕ್ಕದ್ದು.' ಕೆಳಗೆ ನನ್ನ ಸಹಿ. ಪಕ್ಕದಲ್ಲಿ ಸಾಕ್ಷಿ ಅಂತಿದೆಯಲ್ಲ, ಅಲ್ಲಿ ನಿಮ್ಮದು ಹಾಕಿ. ಮೂಲ ಹಾಡನ್ನ ಕಣ್ಣಾರೆ ನೋಡಿ ಕಿವಿಯಾರೆ ಕೇಳಿದವರು ನೀವೊಬ್ಬರೇ."

ಯಜಮಾನರು ಸಹಿ ಹಾಕಿದರು.

ಬಸ್ಸಿನಲ್ಲಿ ಮಗಳು ಅಳಿಯ ಮುಂದಿನ ಸೀಟಿನಲ್ಲಿ ಕೂತು ಅದೇ ಹಾಡು ಗುನುಗುತ್ತಿದ್ದರು. ಸಂಜೆ ಬಿಸಿಲು ಒಳಗೆ ಬಿದ್ದಿತ್ತು. ಯಜಮಾನರಿಗೆ ಆಶ್ಚರ್ಯ: ಅವಮಾನವಾಗಿ ಅಳು ಬರಬೇಕಿತ್ತು, ಬರುತ್ತಿರಲಿಲ್ಲ. ಹಾಡು ಉಳಿಯಿತಲ್ಲ, ಸದ್ಯ. ಟೀಚರಮ್ಮ ಅವರ ಭುಜಕ್ಕೆ ಒರಗಿಕೊಂಡರು.

"ರೀ, ನಾಯಕ ಬರೀ ಹಾಡಿದ್ದು. ಬರೆದವನು ಬೇರೆ ಯಾರೋ ಇರಬೇಕಲ್ವಾ?"

"ಇರಬೇಕು."

"ಮನೆಯವರ ಮೇಲೆ ಪ್ರಾಣ ಇಟ್ಕೊಂಡಿರೋನೇ ಹಾಗೆ ಬರೆಯೋಕೆ ಸಾಧ್ಯ. ಅವನ ಕೈ ಹಿಡಿದವಳು ಪುಣ್ಯ ಮಾಡಿದ್ಲು." ಟೀಚರಮ್ಮ ನಿಟ್ಟುಸಿರು ಬಿಟ್ಟರು, ಈ ಸಲ ಇನ್ನೂ ಉದ್ದವಾದದ್ದು. "ಎಲ್ಲರಿಗೂ ಅಂಥ ಗಂಡ ಸಿಗ್ತಾನಾ?"

ಇಷ್ಟು ವರ್ಷ ಆ ನಾಯಕನೊಬ್ಬನ ಮೇಲೆ ಹೊಟ್ಟೆ ಉರಿದುಕೊಂಡಿದ್ದ ಯಜಮಾನರಿಗೆ ಈಗ ಆ ಕವಿಯ ಮೇಲೂ ಹೊಟ್ಟೆ ಉರಿಯಿತು. ಏನೋ ಹೇಳಲು ಬಾಯಿ ತೆರೆದರು.

"ಮಾತು ಆಮೇಲೆ, ಆ ಕಿಟಕಿ ಹಾಕಿ, ಗಾಳಿ ಬರ್ತಿದೆ," ಎಂದರು ಟೀಚರಮ್ಮ.

ಯಜಮಾನರು ಬಾಯಿ ಮುಚ್ಚಿ, ಕಿಟಕಿಯನ್ನೂ ಮುಚ್ಚಿದರು.