ಬೀಗರನ್ನು ಕರೆತರಲು ಹೋದ ಬ್ಯಾಟರಿ

ಕಾರಿನ ಬ್ಯಾಟರಿ ಬದಲಿಸುವುದು ಏನು ಮಹಾ ವಿದ್ಯೆ? ಎರಡು ವಾಯರು ಬಿಚ್ಚಬೇಕು, ಹಳೆಯ ಡಬ್ಬಿ ಎತ್ತಬೇಕು, ಹೊಸ ಡಬ್ಬಿ ಇಡಬೇಕು, ಅವೇ ಎರಡು ವಾಯರು ಮತ್ತೆ ಕಟ್ಟಬೇಕು. ಠಾಣೆ ಊರಿನ ವಾಗ್ಳೆ ಎಸ್ಟೇಟಿನ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಸವೆಸಿದ ನನಗೆ ಇಷ್ಟೂ ಬಾರದೇ? ಕಾರ್ಖಾನೆಯಲ್ಲಿ ನಾನಿದ್ದದ್ದು ಪಗಾರದ ವಿಭಾಗದಲ್ಲಿ ಎಂಬುದು ಬೇರೆ ಮಾತು. ಯಂತ್ರಗಳ ಸಪ್ಪಳವಂತೂ ದಿನಾ ಕೇಳಿಸುತ್ತಿತ್ತು!

ನಮ್ಮದು ಬಿಳಿಯ ಪುಟ್ಟ ಕಾರು. ಮಗಳು ವೀಣಾ ಒಂದನೇ ತರಗತಿಯಲ್ಲಿದ್ದಾಗ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಪ್ರತಿ ಬೇಸಿಗೆ ರಜೆಗೆ ನಮ್ಮ ಮನೆಯಿರುವ ಡೊಂಬಿವಲಿಯಿಂದ ಹೊರಟು ಸೊಲ್ಲಾಪುರದ ಮೇಲೆ ವಿಜಯಪುರಕ್ಕೆ ಹೋಗುತ್ತಿದ್ದೆವು. ಹಿಂದಿನ ಸೀಟಿನಲ್ಲಿ ನಮ್ಮ ಅವ್ವ, ಅವಳ ತೊಡೆಯ ಮೇಲೆ ವೀಣಾ, ಕಾಲ ಬುಡದಲ್ಲಿ ರೊಟ್ಟಿಯ ಗಂಟು. ಕಾರು ಘಾಟು ಏರುವಾಗ ಅವ್ವ ಮುಂದಿನ ಸೀಟಿನ ಬೆನ್ನು ಸವರುತ್ತ, "ಹತ್ತವ್ವಾ ನನ್ನ ತಾಯಿ, ಇನ್ನ ಸ್ವಲ್ಪs ಉಳದೈತಿ" ಎಂದು ಬೇಡಿಕೊಳ್ಳುತ್ತಿದ್ದಳು. ಕಾರು ಹತ್ತುತ್ತಿತ್ತು. ಅವ್ವ ತೀರಿಕೊಂಡ ಮೇಲೂ ಆ ಸೀಟಿನಲ್ಲಿ ಎಲೆಯಡಿಕೆಯ ವಾಸನೆ ಉಳಿದಿತ್ತು. "ಆ ಡಬ್ಬಿ ಮಾರ್ರಿ" ಎಂದು ಹೆಂಡತಿ ಸುಮಂಗಲಾ ಹೇಳಿದಾಗಲೆಲ್ಲ ನಾನು ಕೆಳಗಿಳಿದು ಹೋಗಿ ಸ್ವಲ್ಪ ಹೊತ್ತು ಅದರಲ್ಲಿ ಕೂತು ಬರುತ್ತಿದ್ದೆ.

ಅಂಥ ಕಾರು ಕೈಕೊಟ್ಟದ್ದು ವೀಣಾಳ ಮದುವೆ ಮಾತುಕತೆಯ ಹಿಂದಿನ ದಿನ! ಹುಡುಗ ವಾಶಿಯಲ್ಲಿ ಕೆಲಸದಲ್ಲಿದ್ದ. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಅವನ ತಂದೆ, ಕಲಬುರಗಿಯ ತೊಗರಿ ವ್ಯಾಪಾರಿ ಶಿವಶರಣಪ್ಪನವರು, ಪತ್ನಿಯೊಂದಿಗೆ ಮೊದಲ ಸಲ ನಮ್ಮ ಮನೆ ನೋಡಲು ಬರುವವರಿದ್ದರು. ನಾನು ಫೋನಿನಲ್ಲಿ ದೊಡ್ಡ ದನಿಯಲ್ಲಿ ಹೇಳಿಬಿಟ್ಟಿದ್ದೆ: "ರಿಕ್ಷಾ ಗಿಕ್ಷಾ ಏನೂ ಬ್ಯಾಡ್ರಿ. ಕಲ್ಯಾಣ ಸ್ಟೇಷನ್ನಿಗೆ ನಾನೇ ಸ್ವತಃ ಕಾರ್ ತಗೊಂಡು ಬರ್ತೀನಿ."

ಶನಿವಾರ ಮುಂಜಾನೆ ಚಾವಿ ತಿರುಗಿಸಿದೆ. ಕಾರು 'ಟಕ್' ಎಂದಿತು. ಮತ್ತೆ ತಿರುಗಿಸಿದೆ. 'ಟಕ್' ಎನ್ನಲೂ ಇಲ್ಲ.

ರಸ್ತೆ ಕೂಡುವ ನಾಕೆಯ ಗ್ಯಾರೇಜಿನವನು ಬಂದು ನೋಡಿ, "ಕಾಕಾ, ಬ್ಯಾಟರಿ ಸಂಪಲೀ" ಎಂದು, ಬ್ಯಾಟರಿ ಮುಗಿದೇಹೋದ ಮರಣವಾರ್ತೆ ಕೊಟ್ಟ. ಹೊಸ ಬ್ಯಾಟರಿಯ ಬೆಲೆ, ಕೂಡಿಸುವ ಕೂಲಿ, ಸ್ವಚ್ಛ ಮಾಡುವ ಕೂಲಿ ಎಲ್ಲ ಹೇಳಿ, ಕೊನೆಗೆ 'ಜನರಲ್ ಚೆಕಿಂಗ್' ಎಂದೂ ಸೇರಿಸಿದ.

"ಜನರಲ್ ಚೆಕಿಂಗ್ ಮ್ಹಣಜೆ ಕಾಯ್?" ಹಾಗಂದರೇನು ಎಂದೆ.

"ಸಗಳಂ ಬಘಾಯ್ಚಂ" ಎಂದ. ಎಲ್ಲ ನೋಡುವುದಂತೆ. ನೋಡುವುದಕ್ಕೂ ದುಡ್ಡೇ! ದೇವರು ನನಗೂ ಎರಡು ಕಣ್ಣು ಕೊಟ್ಟಿದ್ದಾನೆ. ಅವನನ್ನು ಸಾಗಹಾಕಿದೆ.

"ನಾಳೆ ಬೀಗರು ಬರ್ತಾರ. ಇವತ್ತೇ ನಿಮ್ಮ ಕೈಚಳಕ ತೋರಿಸಬೇಕೇನ?" ಎಂದಳು ಸುಮಂಗಲಾ.

"ಮೊಬೈಲ್‌ದಾಗ ವಿಡಿಯೋ ನೋಡೀನಿ. ಮೈನಸ್ ಮೊದಲ ಬಿಚ್ಚಬೇಕು, ಪ್ಲಸ್ ಆಮ್ಯಾಲೆ. ಇಷ್ಟs."

ಬಿಚ್ಚಿದೆ. ಹಳೆಯ ಬ್ಯಾಟರಿ ಕೊಟ್ಟರೆ ಹೊಸದರ ಬೆಲೆಯಲ್ಲಿ ಕಡಿಮೆ ಮಾಡುವ ಅಂಗಡಿ ಠಾಣೆಯ ನೌಪಾಡಾದಲ್ಲಿತ್ತು. ಬ್ಯಾಟರಿಯನ್ನು ಸುಮಂಗಲಾಳ ಹಳೆಯ ಇಳಕಲ್ಲ ಸೀರೆಯಲ್ಲಿ ಸುತ್ತಿ, ಎದೆಗವಚಿಕೊಂಡು ಲೋಕಲ್ ಹತ್ತಿದೆ. ಗರ್ದಿಯೋ ಗರ್ದಿ. ಆದರೆ ನನ್ನ ಕೈಯಲ್ಲಿದ್ದದ್ದನ್ನು ನೋಡಿ ಒಬ್ಬ ಹಿರಿಯರು ಮೆಲ್ಲಗೆ ಕೇಳಿದರು, "ದೇವ ಆಹೇ ಕಾ?" ದೇವರೇನು ಅಂತ.

ಭಾರ ತಾಳಲಾರದೆ ತಲೆಯಾಡಿಸಿದೆ. ತಕ್ಷಣ ಜನ ದಾರಿ ಬಿಟ್ಟರು! ಕೂಡಲು ಜಾಗ ಸಿಕ್ಕಿತು. ಒಬ್ಬ ಸೀರೆಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡ. ಮುಂಬ್ರಾ ದಾಟುವಷ್ಟರಲ್ಲಿ ದೇವರು ತೀರ್ಥ ಕೊಡಲಾರಂಭಿಸಿದ. ನನ್ನ ಹೊಸ ಪ್ಯಾಂಟಿನ ತೊಡೆಯ ಮೇಲೆ ಆಸಿಡ್ಡಿನ ತೂತುಗಳು ಒಂದೊಂದಾಗಿ ಕಣ್ಣು ತೆರೆದವು. ಠಾಣೆಯಲ್ಲಿ ಇಳಿಯುವಾಗ ಪ್ಯಾಂಟು ಜಾಳಿಗೆಯಾಗಿತ್ತು.

ಅಂಗಡಿಯವನು ಸೋವಿಯ ಒಂದು ಬ್ಯಾಟರಿ ತೋರಿಸಿ, "ಅಂಕಲ್, ಇಸ್ಕಾ ಟರ್ಮಿನಲ್ ಪತಲಾ ಹೈ. ಊಪರ್ ಯೇ ಟೋಪಿ ಲಗಾನಾ ಪಡೇಗಾ, ಅಲಗ್ ಸೇ ಲೇನಾ" ಎಂದ. ತುದಿ ಸಣ್ಣದು, ಅದಕ್ಕೊಂದು ಟೋಪಿ ಹಾಕಬೇಕು, ಅದನ್ನು ಬೇರೆಯಾಗಿ ಕೊಳ್ಳಬೇಕು! ಟೋಪಿ ಹಾಕುವವರನ್ನು ನಾನು ದೂರದಿಂದಲೇ ಗುರುತಿಸಬಲ್ಲೆ. ಟೋಪಿ ಬೇಡವೆಂದು ಬರೀ ಬ್ಯಾಟರಿ ಕೊಂಡೆ.

ಮನೆಗೆ ಬಂದು, ವಾಯರಿನ ತುದಿಗೆ ಮೆತ್ತಿದ್ದ ಬಿಳಿ ಕಿಲುಬನ್ನು ಅಡಿಗೆ ಸೋಡಾ ಮತ್ತು ಬಿಸಿನೀರಿನಿಂದ ತೊಳೆಯಲು ಹೊರಟೆ. ವಿಡಿಯೋದಲ್ಲಿ ಹಾಗೇ ಇತ್ತು. ಎಷ್ಟು ತಿಕ್ಕಿದರೂ ನೊರೆ ಬರಲಿಲ್ಲ, ಬರೀ ಅಂಟು. ಮೇಲಿನಿಂದ ಸುಮಂಗಲಾ ಕೂಗಿದಳು: "ಅಲ್ರೀ, ಉಂಡಿಗೆ ಪುಡಿ ಮಾಡಿಟ್ಟ ಸಕ್ಕರಿ ಎಲ್ಲಿ ಹೋತು?" ಸಂಜೆಯೊಳಗೆ ಸೊಸೈಟಿಯ ಸಮಸ್ತ ಇರುವೆಗಳಿಗೆ ನಮ್ಮ ಕಾರಿನ ವಿಳಾಸ ತಿಳಿದಿತ್ತು.

ಹೊಸ ಬ್ಯಾಟರಿ ಇಟ್ಟೆ. ತುದಿ ನಿಜವಾಗಿಯೂ ಸಣ್ಣದಿತ್ತು. ಚಾಕಲೇಟಿನ ಬೆಳ್ಳಿ ಕಾಗದ ಮಡಚಿ ಸಂದಿಗೆ ತುರುಕಿ ವಾಯರು ಕಟ್ಟಿದೆ. ಕರೆಂಟು ಬಂತು! ಬಂದ ಸಂತೋಷಕ್ಕೆ ಕಾರಿನ ನಾಲ್ಕೂ ಬಾಗಿಲುಗಳು 'ಖಟ್' ಎಂದು ಲಾಕಾದವು. ಚಾವಿ ಒಳಗಿತ್ತು.

"ಎರಡನೇ ಚಾವಿ ಎಲ್ಲೈತ್ರಿ?"

"ಕಳೀಬಾರದಂತ ಕಾರಿನ ಡ್ರಾಯರ್‌ದಾಗ ಇಟ್ಟೀನಿ" ಎಂದೆ.

ಸುಮಂಗಲಾ ತಾನೇ ಚಾವಿ ಮಾಡುವವನಿಗೆ ಫೋನು ಹಚ್ಚಿದಳು. ಚಾವಿಯವನು ಬಂದು ಬಾಗಿಲು ತೆರೆದುಕೊಟ್ಟು ಹೋದಾಗ, ಗ್ಯಾರೇಜಿನವನಿಗೆ ಕೊಡದೆ ಉಳಿಸಿದ್ದೆಲ್ಲ ಇವನ ಜೇಬಿಗೆ ಹೋಗಿತ್ತು. ಜನರಲ್ ಚೆಕಿಂಗನ್ನೂ ಸೇರಿಸಿ!

ರವಿವಾರ ಮುಂಜಾನೆ ಕಾರು ಒಂದೇ ಏಟಿಗೆ ಚಾಲೂ ಆಯಿತು. ಕಲ್ಯಾಣದಲ್ಲಿ ಬೀಗರಾಗುವವರನ್ನು ರಾಜಮರ್ಯಾದೆಯಿಂದ ಕೂಡಿಸಿಕೊಂಡೆ. ಶಿವಶರಣಪ್ಪನವರದು ಬೆಳ್ಳಗಿನ ಧೋತರ, ಜರಿ ಶಲ್ಯ. ಪತ್ರಿ ಪುಲ್ ಎಂಬ ಸೇತುವೆಯ ಸಮೀಪ ಒಂದು ದೊಡ್ಡ ತಗ್ಗಿನಲ್ಲಿ ಕಾರು ಧಡಕ್ ಎಂದು ಹಾರಿ ಇಳಿಯಿತು. ನಿಂತೇಬಿಟ್ಟಿತು. ಹಿಂದೆ ಹಾರ್ನುಗಳ ಮಹಾಪೂರ.

"ಪೆಟ್ರೋಲ್ ಅದನ್ರೀ?" ಕೇಳಿದರು ಶಿವಶರಣಪ್ಪ.

"ಫುಲ್ ಐತ್ರಿ. ಬ್ಯಾಟರೀನೂ ನಿನ್ನೆ ಹೊಸಾದು ಹಾಕೀನ್ರಿ. ನಾನೇ ಸ್ವತಃ."

"ಹಂಗಾದ್ರ ದಬ್ಬೋದೇ ಗತಿ" ಎಂದವರೇ ಶಲ್ಯವನ್ನು ಪತ್ನಿಯ ಕೈಗೆ ಕೊಟ್ಟು ಕೆಳಗಿಳಿದರು. ನಾನು ಬಾಗಿಲು ತೆರೆದು, ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ನೂಕಿದೆ. ಅವರು ಧೋತರ ಎತ್ತಿ ಕಟ್ಟಿ ಹಿಂದಿನಿಂದ ನೂಕಿದರು. ನಾಚಿಕೆಯಿಂದ ನನ್ನ ತಲೆ ಎದೆಗೆ ಇಳಿದಿತ್ತು. ಮಗಳ ಮದುವೆ ಇಲ್ಲೇ, ಈ ಪುಲಿನ ಬುಡದಲ್ಲೇ ಮುರಿದುಬಿದ್ದಿತು ಎಂದುಕೊಂಡೆ. ಆಗ ಹಿಂದಿನಿಂದ ನಗು ಕೇಳಿಸಿತು.

"ಸಣ್ಣವ್ರಿದ್ದಾಗ ನಮ್ ಓಣ್ಯಾಗ ಡಾಕ್ಟರ್ ಸಾಹೇಬ್ರ ಗಾಡಿ ದಿನಾ ದಬ್ತಿದ್ವಿ ನೋಡ್ರಿ. ಚಾಲೂ ಆತಂದ್ರ ಸಾಲಿ ತನಕ ಕೂಡಿಸ್ಕೊಂಡು ಹೋಗ್ತಿದ್ರು. ಆಗಲಿಲ್ಲಂದ್ರ ಸಾಲಿಗಿ ಹೋಗ್ತಿರಲಿಲ್ಲ. ಎರಡೂ ಛಲೋನೇ!"

ನನಗೂ ನೆನಪಾಯಿತು. ವಿಜಯಪುರದಲ್ಲಿ ನಮ್ಮ ಕಾಕಾನ ಜೀಪು. ಮದುವೆ ದಿಬ್ಬಣವೆಲ್ಲ ಹೊಸ ಬಟ್ಟೆಯಲ್ಲಿ ಇಳಿದು ಅದನ್ನು ನೂಕಿದ್ದು, ಚಾಲೂ ಆದಾಗ ಎಲ್ಲರೂ ಹೋ ಎಂದು ಕೂಗಿದ್ದು. ಹೇಳಿದೆ. ಅವರು ಇನ್ನೊಂದು ಹೇಳಿದರು. ನೂಕುತ್ತ, ಏದುಸಿರು ಬಿಡುತ್ತ, ನಗುತ್ತ, ಇಬ್ಬರೂ ಹೈಸ್ಕೂಲಿನ ಹುಡುಗರಾಗಿಬಿಟ್ಟೆವು. ಕಾರು ಮಾತ್ರ ಚಾಲೂ ಆಗಲಿಲ್ಲ.

ಒಳಗಿನಿಂದ ಅವರ ಪತ್ನಿ ಕೇಳಿದರು: "ಇಲ್ಲಿ ಇಷ್ಟ್ಯಾಕ ಇರುವಿ ಅದಾವ್ರಿ? ಒಂದೀಟು ಬಾನೆಟ್ಟರೆ ತೆಗೆದು ನೋಡಬಾರದ?"

ತೆಗೆದೆವು. ವಾಯರು ಕಳಚಿ ಬದಿಗೆ ಬಿದ್ದಿತ್ತು. ಬೆಳ್ಳಿ ಕಾಗದ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

ಶಿವಶರಣಪ್ಪನವರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಬೀಗ್ರೇ, ಹಾಕೀನಿ ಅಂದ್ರಿ. ಇದು ಹಾಕಿದ್ದಲ್ರೀ, ಬರೇ ಇಟ್ಟಿದ್ದು!"

ಬದಿಯ ಚಹಾದಂಗಡಿಯಿಂದ ತಗಡಿನ ಚೂರೊಂದನ್ನು ತಂದು ಸುತ್ತಿ ಬಿಗಿ ಮಾಡಿದೆವು. ಕಾರು ಚಾಲೂ ಆಯಿತು. ಇಬ್ಬರೂ ಹೋ ಎಂದು ಕೂಗಿದೆವು. ಟ್ರಾಫಿಕ್ ಪೊಲೀಸ್ ನಮ್ಮನ್ನು ಗುರಾಯಿಸಿದ.

ಮನೆಯಲ್ಲಿ ಉಂಡಿ ತಿನ್ನುತ್ತ, ಕಪ್ಪಾದ ಧೋತರದಲ್ಲೇ ಅವರು ಸುಮಂಗಲಾಗೆ ಹೇಳಿದರು: "ಮನಿ ಏನ್ ನೋಡೋದದ ತಂಗಿ? ಕೂಡಿ ಗಾಡಿ ದಬ್ಬಿದ ಮ್ಯಾಲ ಮನಷ್ಯಾ ತಿಳೀತಾನ. ಬೀಗತನ ಪಕ್ಕಾ." ನನ್ನ ಎದೆ ಉಬ್ಬಿತು. ಅವರು ಇನ್ನೊಂದು ಉಂಡಿ ತೆಗೆದುಕೊಂಡು ಮುಂದುವರಿಸಿದರು: "ನಮ್ಮದು ಒಂದೇ ಬೇಡಿಕಿ. ಹುಡುಗಿ ಬುದ್ಧಿ ಮಾತ್ರ ತಾಯೀದಿರಲಿ."

ಮದುವೆಯ ಮರುವರ್ಷ ಕಾರನ್ನು ಭಿವಂಡಿಯ ಒಬ್ಬರಿಗೆ ಮಾರಿದೆವು. ಅದು ಗೇಟು ದಾಟಿ ತಿರುಗುವವರೆಗೂ ನಾನು ಅದಕ್ಕೆ ಕೈ ಬೀಸುತ್ತ ನಿಂತಿದ್ದೆ. ಕೊಂಡವರು ತಮಗೇ ಎಂದು ತಿಳಿದು ಅವರೂ ಕೈ ಬೀಸಿದರು, ಪಾಪ.

ಈಗ ಮಗಳು ಅಳಿಯ ವಾಶಿಯಲ್ಲಿದ್ದಾರೆ. ಕಳೆದ ತಿಂಗಳು ನಾವು ಅಲ್ಲಿಗೆ ಹೋದಾಗ ಅಳಿಯನ ಕಾರು ಚಾಲೂ ಆಗಲಿಲ್ಲ. ವೀಣಾ ಅಡಿಗೆಮನೆಯಲ್ಲಿ ಅವನಿಗೆ ಪಿಸುಗುಟ್ಟಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಬಾಬಾಂನಾ ಸಾಂಗೂ ನಕೋ." ಅಪ್ಪನಿಗೆ ಹೇಳಬೇಡ ಅಂತ! ಆದರೂ ಮಾವನ ಕರ್ತವ್ಯ ಎಂಬುದೊಂದಿದೆಯಲ್ಲ! ಅಂಗಿಯ ತೋಳು ಮಡಚುತ್ತ ಸೋಫಾದಿಂದ ಎದ್ದೆ.

"ಕೂಡ್ರಿ!" ಎಂದಿತು ಇಡೀ ಮನೆ, ಒಂದೇ ದನಿಯಲ್ಲಿ.

ಕೂತೆ.